ಎಂ.ಡಿ.ಯವರ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಹುದ್ದೆ ಒಪ್ಪಿಕೊಳ್ಳಬಹುದೇ? ಈ ವೃತ್ತಿಯ ಒಳಹೊರಗು ಬಲ್ಲವರು ತಿಳಿಸಿ

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಕಂಪನಿಯೊಂದರ ಆಡಳಿತ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಓದಿದ್ದು ದಾವಣಗೆರೆಯಲ್ಲಿ, ಬಿ.ಕಾಂ. ಕ್ಯಾಬ್ ವ್ಯವಸ್ಥೆ, ಕ್ಯಾಂಟೀನ್ ಗುತ್ತಿಗೆ, ಸರಬರಾಜುದಾರರ ಬಿಲ್ಲು, ಸೆಕ್ಯುರಿಟಿಯವರ ಹಾಜರಾತಿ ಇವೆಲ್ಲ ಈಗ ನನ್ನ ಜವಾಬ್ದಾರಿ. ನಮ್ಮ ವ್ಯವಸ್ಥಾಪಕ ನಿರ್ದೇಶಕರಿಗೆ ಎಕ್ಸಿಕ್ಯುಟಿವ್ ಅಸಿಸ್ಟೆಂಟ್ ಆಗಿರುವ ಹಿರಿಯರೊಬ್ಬರು ಸದ್ಯದಲ್ಲೇ ನಿವೃತ್ತರಾಗಲಿದ್ದು, ಆ ಜಾಗಕ್ಕೆ ಬರುತ್ತೀರಾ ಎಂದು ನನ್ನನ್ನು ಕೇಳಿದ್ದಾರೆ. ಸಂಬಳ ಈಗಿರುವುದಕ್ಕಿಂತ ಹೆಚ್ಚು. ಆದರೆ ಅಪ್ಪನಿಗೆ ಸಮಾಧಾನವಿಲ್ಲ. "ಬಿ.ಕಾಂ. ಮಾಡಿ ಸಾಹೇಬರ ಫೋನ್ ಎತ್ತುವುದಕ್ಕೆ ಹೋಗುತ್ತೀಯಾ? ಅಕೌಂಟ್ಸ್ ಕಡೆ ಹೋಗು, ನಾಳೆ ಮ್ಯಾನೇಜರ್ ಆಗುತ್ತೀಯ" ಎನ್ನುತ್ತಾರೆ.

ಈ ಕೆಲಸದಲ್ಲಿ ಬಡ್ತಿ ಎನ್ನುವುದು ಇದೆಯೇ, ಶಾರ್ಟ್‌ಹ್ಯಾಂಡ್ (ಶೀಘ್ರಲಿಪಿ) ಬಾರದಿದ್ದರೆ ತೊಂದರೆಯಾಗುತ್ತದೆಯೇ, ಇಡೀ ದಿನ ನಿಜವಾಗಿ ಮಾಡುವುದೇನು ಎನ್ನುವುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೆಯ ಪಿಟ್‌ಮನ್:

ತಂಗಿ, ನಿಮ್ಮ ತಂದೆಯವರ ಅಳುಕು ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಯೊಂದಕ್ಕೆ ಸ್ಟೆನೊ (ಶೀಘ್ರಲಿಪಿಗಾರ) ಆಗಿ ಸೇರಿ, ನಿರ್ದೇಶಕರೊಬ್ಬರ ಆಪ್ತ ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಎಂಬ ದೊಡ್ಡ ಕಾರ್ಖಾನೆಗಳು 1940ರಿಂದ 1954ರ ನಡುವೆ ಒಂದರ ಹಿಂದೊಂದರಂತೆ ಇಲ್ಲಿ ಸ್ಥಾಪನೆಯಾದ ಮೇಲೆ, ಮಧ್ಯಮ ವರ್ಗದ ಮನೆಗಳಲ್ಲಿ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸುತ್ತಿದ್ದಂತೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹಚ್ಚುವುದು ವಾಡಿಕೆಯೇ ಆಗಿಹೋಯಿತು. ಬಸವನಗುಡಿ, ಮಲ್ಲೇಶ್ವರದ ಗಲ್ಲಿಗಲ್ಲಿಗಳಲ್ಲಿ ಇನ್‌ಸ್ಟಿಟ್ಯೂಟುಗಳಿದ್ದವು. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ಜೂನಿಯರ್, ಆಮೇಲೆ ಸೀನಿಯರ್. ಟೈಪಿಂಗ್ ಬೇರೆ, ಶಾರ್ಟ್‌ಹ್ಯಾಂಡ್ ಬೇರೆ, ಇಂಗ್ಲಿಷ್ ಬೇರೆ, ಕನ್ನಡ ಬೇರೆ. ಹೆಣ್ಣುಮಕ್ಕಳು ಶಿಕ್ಷಕಿ, ನರ್ಸ್ ಕೆಲಸಗಳ ಆಚೆಗೆ ಮೊದಲು ಕಾಲಿಟ್ಟ ಕಚೇರಿ ಕೆಲಸ ಬಹಳಷ್ಟು ಮನೆಗಳಲ್ಲಿ ಇದೇ ಆಗಿತ್ತು.

ಐಸಾಕ್ ಪಿಟ್‌ಮನ್ ತಮ್ಮ ಶಾರ್ಟ್‌ಹ್ಯಾಂಡ್ ಪದ್ಧತಿಯನ್ನು ಪ್ರಕಟಿಸಿದ್ದು 1837ರಲ್ಲಿ. ಅದರಲ್ಲಿ ಅಕ್ಷರವನ್ನು ಬರೆಯುವುದಿಲ್ಲ, ಕಿವಿಗೆ ಬಿದ್ದ ಧ್ವನಿಯನ್ನು ಬರೆಯುತ್ತೇವೆ. ಒಂದೇ ಗೆರೆಯನ್ನು ತೆಳುವಾಗಿ ಎಳೆದರೆ "ಪ", ಒತ್ತಿ ಎಳೆದರೆ "ಬ". ಹಾಗೆಯೇ "ಟ" ಮತ್ತು "ಡ". ಸ್ವರಗಳಿಗೆ ಚುಕ್ಕೆ ಮತ್ತು ಸಣ್ಣ ಗೀಟು, ಅವನ್ನೂ ವೇಗದಲ್ಲಿ ಬಿಟ್ಟುಬಿಡುತ್ತಿದ್ದೆವು. ಗೆರೆಯು ಸಾಲಿನ ಮೇಲಿದೆಯೋ, ಸಾಲಿಗೆ ತಾಗಿದೆಯೋ, ಸಾಲನ್ನು ದಾಟಿದೆಯೋ ಎನ್ನುವುದನ್ನು ನೋಡಿ ಸ್ವರವನ್ನು ಊಹಿಸಿ ಓದಬೇಕು. ಡಿಕ್ಟೇಶನ್ ಮುಗಿದ ಮೇಲೆ ಟೈಪ್‌ರೈಟರಿನ ರೋಲರಿಗೆ ಒಂದು ಬಾಂಡ್ ಕಾಗದ, ಎರಡು ಕಾರ್ಬನ್, ಎರಡು ತೆಳು ಹಾಳೆ ಸೇರಿಸಿ ಟೈಪು ಮಾಡುವಾಗ ಒಂದಕ್ಷರ ತಪ್ಪಿದರೆ ಮೂರು ಪ್ರತಿಗಳನ್ನೂ ತಿದ್ದಬೇಕಾಗುತ್ತಿತ್ತು. ಇವತ್ತು ಇದಾವುದೂ ನಿಮಗೆ ಬೇಕಿಲ್ಲ. ಖಾಸಗಿ ಕಂಪನಿಗಳಲ್ಲಿ ಶಾರ್ಟ್‌ಹ್ಯಾಂಡ್ ಕೇಳುವವರನ್ನು ಹುಡುಕಬೇಕು. ಆದರೆ ಅದು ಕಲಿಸಿದ್ದ ಒಂದು ಗುಣ ಈಗಲೂ ಬೇಕು: ಮಾತನಾಡುವವರು ಹೇಳಹೊರಟಿದ್ದೇನು ಎಂಬುದನ್ನು ವಾಕ್ಯ ಮುಗಿಯುವ ಮೊದಲೇ ಹಿಡಿಯುವುದು.

ಒಂದು ವ್ಯತ್ಯಾಸವನ್ನು ಮಾತ್ರ ನೀವು ಗಮನಿಸಬೇಕು. ನಮ್ಮ ಕಾಲದಲ್ಲಿ ಸ್ಟೆನೊ, ಪಿ.ಎ. (ಆಪ್ತ ಸಹಾಯಕ), ಪಿ.ಎಸ್. (ಆಪ್ತ ಕಾರ್ಯದರ್ಶಿ) ಎಂಬ ಮೆಟ್ಟಿಲುಗಳು ಸೇವಾ ನಿಯಮದಲ್ಲೇ ಇದ್ದವು. ಸಾಹೇಬರು ವರ್ಗವಾಗಿ ಹೋದರೂ ನಮ್ಮ ಜ್ಯೇಷ್ಠತಾ ಪಟ್ಟಿ ನಮ್ಮ ಜೊತೆಗಿರುತ್ತಿತ್ತು. ನಿಮ್ಮಂಥ ಖಾಸಗಿ ಕಂಪನಿಯ ಹುದ್ದೆಯಲ್ಲಿ ಆ ಪಟ್ಟಿ ಇರುವುದಿಲ್ಲ. ಸಾಹೇಬರೇ ಪಟ್ಟಿ.

ಔಟರ್ ರಿಂಗ್ ರೋಡ್:

ಹಿರಿಯರು ಹೇಳಿದ ಕೊನೆಯ ಮಾತಿಗೆ ನನ್ನದೂ ಸಹಮತವಿದೆ. ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇದೇ ಹುದ್ದೆಯಲ್ಲಿದ್ದೇನೆ. "ಇಡೀ ದಿನ ಮಾಡುವುದೇನು" ಎಂಬ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ.

ಕೆಲಸದ ತಿರುಳು ಕ್ಯಾಲೆಂಡರ್. ಹೊರಗಿನವರಿಗೆ ಅದು ಖಾಲಿ ಚೌಕಗಳನ್ನು ತುಂಬುವ ಕೆಲಸದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಯಾರಿಗೆ ಇಲ್ಲ ಎನ್ನಬೇಕೆಂದು ನಿರ್ಧರಿಸುವ ಕೆಲಸ, ಮತ್ತು ಆ "ಇಲ್ಲ" ನಿಮ್ಮ ಬಾಯಿಂದ ಬಂದರೂ ಹೆಸರು ಸಾಹೇಬರದಾಗಿರುತ್ತದೆ. ಒಂದು ಸಾಮಾನ್ಯ ಬೆಳಗನ್ನು ತೆಗೆದುಕೊಳ್ಳಿ. ಜರ್ಮನಿಯ ಗ್ರಾಹಕರು ಅರ್ಧ ಗಂಟೆ ಕೇಳಿದ್ದಾರೆ, ಸೇಲ್ಸ್ ಮುಖ್ಯಸ್ಥರು "ಐದೇ ನಿಮಿಷ, ತುರ್ತು" ಎಂದು ಬಾಗಿಲ ಬಳಿ ನಿಂತಿದ್ದಾರೆ, ಬ್ಯಾಂಕಿನವರು ಸಾಲದ ನವೀಕರಣಕ್ಕೆ ಸಹಿ ಬೇಕೆಂದು ಎರಡನೆಯ ಬಾರಿ ಫೋನ್ ಮಾಡಿದ್ದಾರೆ, ಸಾಹೇಬರ ಮಗಳ ಶಾಲೆಯಲ್ಲಿ ಪೋಷಕರ ಸಭೆಯಿದೆ. ಗಟ್ಟಿಯಾಗಿ ಕೇಳುವವರಿಗೆ ಮೊದಲು ಸಮಯ ಕೊಟ್ಟರೆ ಸೇಲ್ಸ್‌ನವರು ಒಳಗೆ ಹೋಗುತ್ತಾರೆ, ಐದು ನಿಮಿಷ ನಲವತ್ತಾಗುತ್ತದೆ. ಬ್ಯಾಂಕಿನ ಸಹಿಗೆ ದಿನಾಂಕದ ಗಡುವಿದೆ, ಆದರೆ ಅದಕ್ಕೆ ಸಾಹೇಬರ ಸಮಯ ಬೇಕಿಲ್ಲ, ಪೆನ್ನು ಸಾಕು. ಕಾಗದಗಳನ್ನು ಓದಿ, ಸಹಿ ಹಾಕಬೇಕಾದ ಪುಟಗಳಿಗೆ ಗುರುತಿನ ಚೀಟಿ ಅಂಟಿಸಿ, ಹಣಕಾಸು ಮುಖ್ಯಸ್ಥರು ನೋಡಿ ಒಪ್ಪಿದ್ದಾರೆಂಬ ಖಾತರಿಯೊಂದಿಗೆ ಮುಂದಿಟ್ಟರೆ ಎರಡು ಸಭೆಗಳ ನಡುವೆ ಮುಗಿದುಹೋಗುತ್ತದೆ. ಸೇಲ್ಸ್‌ನವರ ತುರ್ತು ಏನೆಂದು ಕೇಳಿದರೆ ಹಲವು ಸಲ ಅದಕ್ಕೆ ಸಾಹೇಬರ ಒಂದು ಸಾಲಿನ ಉತ್ತರ ಸಾಕಾಗಿರುತ್ತದೆ. ಇನ್ನು ಶಾಲೆಯ ಸಭೆಯನ್ನು ನಾನು ಎಂದೂ ಸರಿಸುವುದಿಲ್ಲ. ಇದು ನಿಯಮವಲ್ಲ, ನನ್ನ ಅಭಿಪ್ರಾಯ; ಅದನ್ನು ಮೂರು ಸಲ ಸರಿಸಿದ ಮೇಲೆ ಸಾಹೇಬರು ಎಲ್ಲ ಸಭೆಗಳಲ್ಲೂ ಸಿಡಿಮಿಡಿಗೊಳ್ಳುವುದನ್ನು ನೋಡಿದ್ದೇನೆ.

ವಿದೇಶದ ಗ್ರಾಹಕರಿದ್ದರೆ ಇನ್ನೊಂದು ತೊಡಕನ್ನು ಈಗಲೇ ತಿಳಿದುಕೊಳ್ಳಿ. ನಮ್ಮ ಗಡಿಯಾರ ವರ್ಷವಿಡೀ ಬದಲಾಗುವುದಿಲ್ಲ. ಅಮೆರಿಕದವರು ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಬ್ರಿಟನ್ ಮತ್ತು ಯೂರೋಪಿನವರು ಮಾರ್ಚ್‌ನ ಕೊನೆಯ ಭಾನುವಾರ. ಇವೆರಡರ ನಡುವಿನ ಎರಡು ಮೂರು ವಾರಗಳು ನಮಗೆ ಅಗ್ನಿಪರೀಕ್ಷೆ. ನ್ಯೂಯಾರ್ಕಿನ ಬೆಳಿಗ್ಗೆ 9.30ರ ವಾರದ ಕರೆ ಚಳಿಗಾಲದಲ್ಲಿ ಲಂಡನ್ನಿಗೆ ಮಧ್ಯಾಹ್ನ 2.30, ನಮಗೆ ರಾತ್ರಿ 8. ಅಮೆರಿಕದ ಗಡಿಯಾರ ತಿರುಗಿದ ಮರುದಿನದಿಂದ ಅದೇ ಕರೆ ನಮಗೆ ಸಂಜೆ 7, ಲಂಡನ್ನಿಗೆ 1.30, ಅಂದರೆ ಅವರ ಊಟದ ಹೊತ್ತು. ಕೊನೆಯ ಭಾನುವಾರ ದಾಟಿದ ಮೇಲೆ ಲಂಡನ್ ಮತ್ತೆ 2.30ಕ್ಕೆ ಮರಳುತ್ತದೆ, ನಾವು 7ರಲ್ಲೇ ಉಳಿಯುತ್ತೇವೆ. ಶರತ್ಕಾಲದಲ್ಲಿ ಇದೇ ಕಥೆ ಹಿಂದುಮುಂದಾಗಿ: ಯೂರೋಪಿನದು ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದ್ದು ನವೆಂಬರ್ ಮೊದಲ ಭಾನುವಾರ. ಸಾಫ್ಟ್‌ವೇರ್ ಕರೆಯನ್ನು ತಾನಾಗಿ ಸರಿಸುತ್ತದೆ ನಿಜ. ಆದರೆ ಸರಿದ ಕರೆಯು ಸಾಹೇಬರ ಇನ್ನೊಂದು ಸಭೆಯ ಮೇಲೆ ಹೋಗಿ ಕೂತಿದೆ ಎಂಬುದನ್ನು ಮುಂಚಿತವಾಗಿ ನೋಡುವವರು ನೀವೇ.

ನಿರ್ದೇಶಕ ಮಂಡಳಿಯ ಸಭೆಗಳ ದಿನಾಂಕವನ್ನು ವರ್ಷದ ಆರಂಭದಲ್ಲೇ ಹಾಕಿಸಿಕೊಳ್ಳಿ. 2013ರ ಕಂಪನಿ ಕಾಯ್ದೆಯ ಪ್ರಕಾರ ವರ್ಷಕ್ಕೆ ಕನಿಷ್ಠ 4 ಸಭೆ, ಎರಡು ಸಭೆಗಳ ನಡುವೆ 120 ದಿನ ಮೀರುವಂತಿಲ್ಲ, 7 ದಿನಗಳ ನೋಟಿಸ್ ಬೇಕು. ಅದನ್ನು ನೋಡಿಕೊಳ್ಳುವುದು ಕಂಪನಿ ಸೆಕ್ರೆಟರಿಯವರ ಜವಾಬ್ದಾರಿ, ಆದರೆ ನಾಲ್ಕಾರು ಊರುಗಳಲ್ಲಿರುವ ನಿರ್ದೇಶಕರೆಲ್ಲರೂ ಬಿಡುವಾಗಿರುವ ಒಂದು ದಿನವನ್ನು ಹುಡುಕುವ ಕೆಲಸ ನಿಮ್ಮ ಮೇಜಿಗೇ ಬರುತ್ತದೆ.

ಎಚ್.ಆರ್. ಕಡೆಯಿಂದ:

ಮೇಲಿನವರು ಕಂಪನಿ ಸೆಕ್ರೆಟರಿ ಎಂದಿದ್ದರಿಂದ ಹೇಳುತ್ತಿದ್ದೇನೆ: ಅದು ಬೇರೆಯೇ ವೃತ್ತಿ, 1980ರ ಕಾಯ್ದೆಯಡಿಯ ಸಂಸ್ಥೆ ನಡೆಸುವ ಪರೀಕ್ಷೆಗಳನ್ನು ಪಾಸು ಮಾಡಬೇಕು. ಎಷ್ಟೋ ಮನೆಗಳಲ್ಲಿ ಎರಡನ್ನೂ ಒಂದೇ ಎಂದು ಭಾವಿಸಿ ಸಂತೋಷಪಟ್ಟು ಆಮೇಲೆ ಬೇಸರಪಡುತ್ತಾರೆ. ಬಿ.ಕಾಂ. ಆಗಿರುವ ಬೆಣ್ಣೆನಗರಿಯವರಿಗೆ ಆ ದಾರಿಯೂ ತೆರೆದಿದೆ, ಆದರೆ ಅದು ಈ ಪ್ರಶ್ನೆಯ ವಿಷಯವಲ್ಲ.

ಬಡ್ತಿಯ ಬಗ್ಗೆ ನೇರವಾಗಿ ಹೇಳುವುದಾದರೆ, ಹೆಚ್ಚಿನ ಮಧ್ಯಮ ಗಾತ್ರದ ಕಂಪನಿಗಳಲ್ಲಿ ಈ ಹುದ್ದೆಗೆ ಮುಂದಿನ ಮೆಟ್ಟಿಲೇ ಇರುವುದಿಲ್ಲ. ಸಂಬಳ ಏರುತ್ತದೆ, ಗ್ರೇಡ್ ಏರುವುದಿಲ್ಲ. ಸಾಹೇಬರು ಬಿಟ್ಟುಹೋದಾಗ ಹೊಸಬರು ತಮ್ಮವರನ್ನು ಕರೆತಂದರೆ, ಹಳೆಯ ಅಸಿಸ್ಟೆಂಟ್ ಎಲ್ಲಿಯೂ ಸಲ್ಲದೆ ರಿಸೆಪ್ಷನ್ ಮೇಲ್ವಿಚಾರಣೆಗೋ ಫೆಸಿಲಿಟಿ ವಿಭಾಗಕ್ಕೋ ಸರಿಯುವುದನ್ನು ಕಂಡಿದ್ದೇನೆ. ಹಾಗೆಂದು ಇದು ಬೇಡದ ಕೆಲಸವೆಂದು ನಾನು ಹೇಳುತ್ತಿಲ್ಲ. ಒಪ್ಪಿಕೊಳ್ಳುವ ಮೊದಲು ಲಿಖಿತವಾಗಿ ಪಡೆಯಬೇಕಾದವು ಇವೆ. ನಿಮ್ಮ ಗ್ರೇಡ್ ಯಾವುದು, ವಾರ್ಷಿಕ ಮೌಲ್ಯಮಾಪನ ಮಾಡುವವರು ಯಾರು, ಕೆಲಸದ ವಿವರಣೆಯಲ್ಲಿ ಏನೇನಿದೆ, ಒಂದು ಅವಧಿಯ ನಂತರ ಬೇರೆ ವಿಭಾಗಕ್ಕೆ ಹೋಗುವ ಅವಕಾಶ ಇದೆಯೇ ಎನ್ನುವುದು ಕಾಗದದಲ್ಲಿರಲಿ. ಎಂ.ಡಿ.ಯವರ ಸಭೆಗಳಲ್ಲಿ ಒಳಗೆ ಕೂತು ಟಿಪ್ಪಣಿ ಬರೆಯುತ್ತೀರೋ, ಹೊರಗೆ ಕೂತು ಕಾಫಿ ಕಳಿಸುತ್ತೀರೋ ಎಂದೂ ಕೇಳಿ. ನನ್ನ ಅನುಭವದಲ್ಲಿ ಭವಿಷ್ಯವನ್ನು ತೀರ್ಮಾನಿಸುವುದು ಈ ಕಡೆಯ ಪ್ರಶ್ನೆ. ಒಳಗೆ ಕೂತವರಿಗೆ ಬೆಲೆ ನಿಗದಿಯಾಗುವುದು ಹೇಗೆ, ಆರ್ಡರ್ ಕೈತಪ್ಪುವುದೇಕೆ, ಯಾವ ಮ್ಯಾನೇಜರ್ ಮಾತಿಗೆ ತೂಕವಿದೆ ಎಂಬುದೆಲ್ಲ ತಿಳಿಯುತ್ತದೆ. ಅವರು ಖರೀದಿ ವಿಭಾಗಕ್ಕೋ ಯೋಜನಾ ನಿರ್ವಹಣೆಗೋ ಹೋದಾಗ ಯಾರೂ ಹುಬ್ಬೇರಿಸುವುದಿಲ್ಲ.

ಚಾಮುಂಡಿ ತಪ್ಪಲು:

ಮೆಟ್ಟಿಲೇ ಇಲ್ಲ ಎನ್ನುವವರು ನಮ್ಮ ಮೈಸೂರಿನ ಚರಿತ್ರೆಯನ್ನೊಮ್ಮೆ ನೋಡಬೇಕು. ಮಿರ್ಜಾ ಇಸ್ಮಾಯಿಲ್ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಖಾಸಗಿ ಕಾರ್ಯದರ್ಶಿಯಾಗಿದ್ದವರು. 1926ರಲ್ಲಿ ದಿವಾನರಾಗಿ 1941ರವರೆಗೆ ಸಂಸ್ಥಾನವನ್ನು ನಡೆಸಿದರು. ಆಳುವವರ ಪಕ್ಕದಲ್ಲಿ ಕೂತು ಆಡಳಿತವನ್ನು ಕಲಿಯುವುದಕ್ಕಿಂತ ದೊಡ್ಡ ಶಾಲೆ ಬೇರೆ ಯಾವುದಿದೆ? ಮಹಾದೇವ ದೇಸಾಯಿಯವರನ್ನೂ ನೆನೆಯಬಹುದು. 1917ರಲ್ಲಿ ಗಾಂಧೀಜಿಯವರ ಬಳಿ ಸೇರಿ, 1942ರ ಆಗಸ್ಟ್ 15ರಂದು ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಳ್ಳುವವರೆಗೆ ಪತ್ರ, ದಿನಚರಿ, ಅನುವಾದ, ಭೇಟಿಗಳ ವ್ಯವಸ್ಥೆ ಎಲ್ಲವನ್ನೂ ಹೊತ್ತರು.

ಎಚ್.ಆರ್. ಕಡೆಯಿಂದ:

ಸರ್, ಮಿರ್ಜಾ ಅವರು ಬಾಲ್ಯದಲ್ಲಿ ಮಹಾರಾಜರ ಸಹಪಾಠಿ. ಅರ್ಜಿ ಹಾಕಿ ಬಂದವರಲ್ಲ. ಮಹಾದೇವ ದೇಸಾಯಿಯವರದು ಉದ್ಯೋಗವೇ ಅಲ್ಲ, ವ್ರತ. ಆ ಹೆಸರನ್ನು ಹೇಳಿ ಇಂದಿನ ಅಸಿಸ್ಟೆಂಟರಿಂದ ಭಾನುವಾರವೂ ಕೆಲಸ ಮಾಡಿಸಿಕೊಳ್ಳುವವರಿದ್ದಾರೆ. ಪ್ರಶ್ನೆ ಕೇಳಿರುವವರು ಪಿ.ಎಫ್. ಕಟ್ಟುವ, ಮನೆ ಬಾಡಿಗೆ ಕೊಡುವ ನೌಕರರು. ಅವರಿಗೆ ಆ ಅಳತೆಗೋಲು ಸಲ್ಲದು.

ಚಾಮುಂಡಿ ತಪ್ಪಲು:

ಸಹಪಾಠಿಯಾಗಿದ್ದರೆಂಬುದು ನಿಜ, ಒಪ್ಪಿದೆ. ಆದರೂ ಸಹಪಾಠಿಗಳೆಲ್ಲ ದಿವಾನರಾಗಲಿಲ್ಲ ಎಂಬುದನ್ನೂ ದಯವಿಟ್ಟು ಗಮನಿಸಬೇಕು.

ಬೆಣ್ಣೆನಗರಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ನಿವೃತ್ತರಾಗುತ್ತಿರುವ ಮೇಡಂ ಅವರನ್ನು ಕೇಳಿದೆ, ಅವರು ಸಭೆಗಳಲ್ಲಿ ಒಳಗೇ ಕೂರುತ್ತಾರಂತೆ. ಇನ್ನೂ ಕೆಲವು ಸಂದೇಹಗಳಿವೆ. ಮನೆಯ ಕರೆಂಟ್ ಬಿಲ್ಲು, ಮದುವೆಗೆ ಉಡುಗೊರೆ ಇಂತಹ ಸ್ವಂತ ಕೆಲಸಗಳನ್ನು ಹೇಳಿದರೆ ಮಾಡಬೇಕೇ? ಸಾಹೇಬರು ಒಳಗಿದ್ದೂ "ಇಲ್ಲವೆಂದು ಹೇಳಿ" ಎಂದರೆ ಸುಳ್ಳು ಹೇಳಬೇಕೇ? ಈಗ ನನ್ನೊಂದಿಗೆ ಊಟ ಮಾಡುವ ಗೆಳತಿಯರು ಇನ್ನು ಮುಂದೆ ಏನಾದರೂ ಸುದ್ದಿ ಕೇಳಿದರೆ ಹೇಗೆ ನಡೆದುಕೊಳ್ಳಲಿ? ಒಬ್ಬರ ಕೋಣೆಯ ಹೊರಗೇ ಕೂತು ತಡವಾಗಿ ಕೆಲಸ ಮಾಡಬೇಕಾಗುವುದರಿಂದ ಅಮ್ಮನಿಗೆ ಬೇರೆಯದೇ ಆತಂಕವಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಕೊಲ್ಲಿ ಕನ್ನಡತಿ:

ನಾನು ದುಬೈನಲ್ಲಿ ಇದೇ ಕೆಲಸದಲ್ಲಿರುವ ಕುಂದಾಪುರದವಳು. ಸ್ವಂತ ಕೆಲಸದ ಬಗ್ಗೆ ಎಲ್ಲರೂ ಒಂದೇ ಗೆರೆ ಎಳೆಯುವುದಿಲ್ಲ, ನಾನು ಎಳೆದುಕೊಂಡಿರುವುದು ಹೀಗೆ: ಅವರ ಸಮಯವನ್ನು ಉಳಿಸುವುದಾದರೆ ಮಾಡುತ್ತೇನೆ, ಅವರ ಮನೆಯವರ ಆಳಾಗುವುದಾದರೆ ಇಲ್ಲ. ಸಾಹೇಬರ ಪಾಸ್‌ಪೋರ್ಟ್ ನವೀಕರಣ ನನ್ನ ಕೆಲಸ. ಅವರ ಪತ್ನಿಯ ದರ್ಜಿಗೆ ಫೋನ್ ಮಾಡುವುದು ನನ್ನ ಕೆಲಸವಲ್ಲ. ಮೊದಲ ತಿಂಗಳಲ್ಲೇ ನಗುನಗುತ್ತಾ ಇದನ್ನು ಹೇಳಬೇಕು, ವರ್ಷ ಕಳೆದ ಮೇಲೆ ಹೇಳಿದರೆ ಜಗಳವಾಗುತ್ತದೆ.

ಪಾಸ್‌ಪೋರ್ಟ್ ಎಂದೊಡನೆ ನೆನಪಾಯಿತು, ಪ್ರಯಾಣದ ವ್ಯವಸ್ಥೆ ನಿಮ್ಮದಾಗಿದ್ದರೆ ನಮ್ಮವರ ಹೆಸರಿನ ಸಮಸ್ಯೆಯನ್ನು ಅಗತ್ಯವಾಗಿ ತಿಳಿದಿರಬೇಕು. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರುಗಳು ಇನಿಷಿಯಲ್ ಆಗಿರುತ್ತವೆ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗವೇ ಖಾಲಿ, ಕೆಲವರದರಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ವಿಸಿಟಿಂಗ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಟಿಕೆಟ್ಟನ್ನು ವಿಸಿಟಿಂಗ್ ಕಾರ್ಡ್ ನೋಡಿ ತೆಗೆದರೆ ವಿಮಾನ ನಿಲ್ದಾಣದಲ್ಲಿ ತಕರಾರು ಖಚಿತ. 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಯುಎಇಯಲ್ಲಿ ನಿಯಮ ಬಂದಾಗ ದಕ್ಷಿಣ ಭಾರತದ ಕಂಪನಿಗಳ ಅಸಿಸ್ಟೆಂಟರೆಲ್ಲ ತಮ್ಮ ತಮ್ಮ ಸಾಹೇಬರ ಪಾಸ್‌ಪೋರ್ಟಿನ ಪುಟಗಳನ್ನು ತಿರುವಿ ನೋಡುವಂತಾಯಿತು. ಯೂರೋಪಿನ ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ನೀಡಿದ್ದಾಗಿರಬೇಕು, ಅಲ್ಲಿಂದ ಹೊರಡುವ ದಿನಾಂಕದ ನಂತರವೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಇರುವಂತಿಲ್ಲ. ಆ ದಿನಗಳ ಲೆಕ್ಕವನ್ನು ಸಾಹೇಬರು ಇಟ್ಟುಕೊಳ್ಳುವುದಿಲ್ಲ, ನೀವು ಇಡಬೇಕು.

ಹಳೆಯ ಪಿಟ್‌ಮನ್:

ಸುಳ್ಳಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. "ಅವರು ಊರಲ್ಲಿಲ್ಲ" ಎಂದು ಹೇಳುವ ಅಗತ್ಯವೇ ಬರುವುದಿಲ್ಲ. "ಈಗ ಮಾತನಾಡಲು ಆಗುವುದಿಲ್ಲ, ವಿಷಯ ತಿಳಿಸಿದರೆ ಅವರ ಗಮನಕ್ಕೆ ತರುತ್ತೇನೆ" ಎನ್ನುವುದು ಸುಳ್ಳೂ ಅಲ್ಲ, ಒರಟೂ ಅಲ್ಲ. ಒಮ್ಮೆ "ಊರಲ್ಲಿಲ್ಲ" ಎಂದಿರೋ, ಆ ಮನುಷ್ಯ ಸಂಜೆ ಲಿಫ್ಟಿನಲ್ಲಿ ಸಾಹೇಬರನ್ನೇ ಎದುರುಗೊಳ್ಳುತ್ತಾನೆ, ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ದಾಖಲೆಯ ವಿಷಯದಲ್ಲಿ ಸಾಹೇಬರ ಪರವಾಗಿ ಸುಳ್ಳು ಹೇಳುವುದು ಇದಕ್ಕಿಂತ ಬೇರೆಯದೇ ಸಂಗತಿ. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ಅವರನ್ನು ನೆನೆಯಿರಿ. ವಾಟರ್‌ಗೇಟ್ ಹಗರಣದ ವಿಚಾರಣೆಗೆ ಸಂಬಂಧಿಸಿದ ಒಂದು ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿಹೋಗಿತ್ತು. ಟೇಪನ್ನು ಕೇಳಿ ಟೈಪು ಮಾಡುತ್ತಿದ್ದಾಗ ಫೋನ್ ಎತ್ತಲು ಚಾಚಿ, ಟೇಪ್ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟೇ ಇದ್ದುದರಿಂದ ಸುಮಾರು ಐದು ನಿಮಿಷ ತನ್ನಿಂದ ಅಳಿಸಿರಬಹುದೆಂದು ಆಕೆ 1973ರಲ್ಲಿ ಸಾಕ್ಷ್ಯ ಹೇಳಿದರು. ಉಳಿದ ನಿಮಿಷಗಳು ಏನಾದವೆಂಬುದು ಇತ್ಯರ್ಥವಾಗಲಿಲ್ಲ. ನಿಕ್ಸನ್ ರಾಜೀನಾಮೆ ಕೊಟ್ಟರು, ಆದರೆ ಫೋನಿಗೆ ಕೈ ಚಾಚಿ ಪೆಡಲಿಗೆ ಕಾಲು ಚಾಚಿದ ಆ ಭಂಗಿಯ ಫೋಟೊ ಮಾತ್ರ ಆಕೆಯ ಹೆಸರಿಗೆ ಅಂಟಿಕೊಂಡಿತು.

ಕಂಪ್ಲಯನ್ಸ್ ಮೇಜು:

ಗೆಳತಿಯರ ಪ್ರಶ್ನೆಗೆ ಕಾನೂನಿನ ಮುಖವೊಂದಿದೆ. ನಿಮ್ಮ ಕಂಪನಿ ಷೇರುಪೇಟೆಯಲ್ಲಿ ನೋಂದಾಯಿತವಾಗಿದ್ದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳನ್ನು ಓದಿ. ಷೇರಿನ ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಅಪ್ರಕಟಿತ ಮಾಹಿತಿ ಕೈಗೆ ಸಿಗುವ ಸೆಕ್ರೆಟೇರಿಯಲ್ ಸಿಬ್ಬಂದಿಯನ್ನೂ ಅದು ಹೆಸರಿಸಿಯೇ ನಿಯಮದೊಳಗೆ ತರುತ್ತದೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಅಂಥವರು ಆ ಕಂಪನಿಯ ಷೇರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಹತ್ತಿರದ ಬಂಧುಗಳ ವಹಿವಾಟೂ ನಿಮ್ಮದೆಂದೇ ಲೆಕ್ಕಕ್ಕೆ ಬರಬಹುದು. ಊಟದ ಹೊತ್ತಿನಲ್ಲಿ "ಈ ಸಲ ಆರ್ಡರ್ ಚೆನ್ನಾಗಿದೆಯಂತೆ" ಎಂದು ಬಾಯಿಬಿಟ್ಟರೆ ಅದು ಹರಟೆಯಾಗಿ ಉಳಿಯುವುದಿಲ್ಲ. ನೋಂದಾಯಿತವಲ್ಲದ ಕಂಪನಿಯಾದರೆ ಈ ನಿಯಮ ತಟ್ಟುವುದಿಲ್ಲ, ಆದರೂ ಯಾರ ಸಂಬಳ ಎಷ್ಟೆಂಬುದು, ಯಾರನ್ನು ಕಳಿಸುತ್ತಾರೆಂಬುದು ನಿಮಗೆ ಮೊದಲೇ ಗೊತ್ತಿರುತ್ತದೆ. ಊಟದ ಗುಂಪನ್ನು ಬಿಡಬೇಕಾಗಿಲ್ಲ. ಗುಂಪೇ ಸ್ವಲ್ಪ ದೂರ ಸರಿಯುತ್ತದೆ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ.

ಎಚ್.ಆರ್. ಕಡೆಯಿಂದ:

ತಾಯಿಯವರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಯಾವುದೇ ಸ್ಥಳದಲ್ಲಿ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರಿರಬೇಕು. ಸಮಿತಿಯ ಸದಸ್ಯರ ಹೆಸರುಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆಯೇ ಎಂದು ಈಗಲೇ ನೋಡಿ. ಘಟನೆ ನಡೆದು 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕೆಂಬುದೂ ತಿಳಿದಿರಲಿ. ದೂರು ಮಾಲೀಕರ ವಿರುದ್ಧವೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಇನ್ನು ತಡವಾದ ದಿನ ಮನೆಗೆ ಕ್ಯಾಬ್ ಕೊಡುವುದನ್ನು ಆಫರ್ ಪತ್ರದಲ್ಲೇ ಬರೆಸಿಕೊಳ್ಳಿ; ಕ್ಯಾಬ್ ವ್ಯವಸ್ಥೆ ಇಷ್ಟು ದಿನ ನಿಮ್ಮ ಕೈಯಲ್ಲೇ ಇದ್ದದ್ದರಿಂದ ಅದು ಕಷ್ಟವಾಗಲಾರದು.

ಧಾರವಾಡದ ಸ್ಟೆನೊ:

ಶಾರ್ಟ್‌ಹ್ಯಾಂಡ್ ಸತ್ತೇಹೋಯಿತು ಎಂಬರ್ಥದಲ್ಲಿ ಇಲ್ಲಿ ಮಾತು ನಡೆದಿದೆ, ಅದಕ್ಕೆ ಒಂದು ತಿದ್ದುಪಡಿ. ನಾನು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ. ನ್ಯಾಯಾಧೀಶರು ಆದೇಶವನ್ನು ಹೇಳುತ್ತಾ ಹೋದಂತೆ ಬರೆದುಕೊಂಡು, ಸೆಕ್ಷನ್ನು, ದಿನಾಂಕ, ಸಾಕ್ಷಿಗಳ ಕ್ರಮಸಂಖ್ಯೆ ಯಾವುದೂ ತಪ್ಪದಂತೆ ಸಿದ್ಧಪಡಿಸಬೇಕು. ಕೇಂದ್ರ ಸರ್ಕಾರದ ಸಿಬ್ಬಂದಿ ಆಯ್ಕೆ ಆಯೋಗವೂ ಸ್ಟೆನೊಗ್ರಾಫರ್ ಪರೀಕ್ಷೆಯನ್ನು ನಡೆಸುತ್ತದೆ. 10 ನಿಮಿಷದ ಡಿಕ್ಟೇಶನ್ನು, ಗ್ರೇಡ್ ಸಿ ಹುದ್ದೆಗೆ ನಿಮಿಷಕ್ಕೆ 100 ಪದ, ಗ್ರೇಡ್ ಡಿ ಹುದ್ದೆಗೆ 80 ಪದ. ಭದ್ರತೆ, ಪಿಂಚಣಿ ವ್ಯವಸ್ಥೆ, ಬಡ್ತಿಯ ಮೆಟ್ಟಿಲು ಬೇಕೆನ್ನುವವರು ಇದನ್ನೂ ವಿಚಾರ ಮಾಡಬೇಕು. ಪಾಲಿಟೆಕ್ನಿಕ್‌ಗಳಲ್ಲಿ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಮಾಡಿದ ಹುಡುಗಿಯರು ನಮ್ಮಲ್ಲಿ ಅನೇಕರಿದ್ದಾರೆ. ಕನ್ನಡ ಟೈಪಿಂಗ್ ಕಲಿಯುವುದಿದ್ದರೆ ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನೇ ಕಲಿಯಿರಿ. ಖಾಸಗಿ ಕಂಪನಿಯಲ್ಲೂ ಸರ್ಕಾರಿ ಇಲಾಖೆಗೆ ಕನ್ನಡದಲ್ಲಿ ಪತ್ರ ಬರೆಯಬೇಕಾದಾಗ ಇಡೀ ಕಚೇರಿ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ.

ಬೆಣ್ಣೆನಗರಿ:

ಸಭೆಯ ಟಿಪ್ಪಣಿಯನ್ನು ಈಗ ಎ.ಐ. ತಾನೇ ಬರೆದುಕೊಡುತ್ತದೆ, ಈ ಹುದ್ದೆಯೇ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ತಮ್ಮ ಹೆದರಿಸುತ್ತಿದ್ದಾನೆ. ಇದರ ಬಗ್ಗೆ ಔಟರ್ ರಿಂಗ್ ರೋಡ್ ಅವರ ಅಭಿಪ್ರಾಯ ತಿಳಿಯುವ ಆಸೆ.

ಔಟರ್ ರಿಂಗ್ ರೋಡ್:

ತಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. ಬರೀ ಟಿಪ್ಪಣಿ, ಟಿಕೆಟ್ಟು, ಖರ್ಚಿನ ಬಿಲ್ಲು ಇಷ್ಟನ್ನೇ ಮಾಡುವ ಹುದ್ದೆಗಳು ಕಡಿಮೆಯಾಗುತ್ತಿವೆ. ಹಿಂದೆ ಒಬ್ಬರಿಗೆ ಒಬ್ಬರಿದ್ದ ಕಡೆ ಈಗ ನಾಲ್ವರು ಉಪಾಧ್ಯಕ್ಷರಿಗೆ ಒಬ್ಬರೇ ಅಸಿಸ್ಟೆಂಟ್ ಇರುವುದನ್ನು ನಮ್ಮ ರಸ್ತೆಯ ಕಂಪನಿಗಳಲ್ಲಿ ಕಾಣಬಹುದು. ನಾನೂ ಎ.ಐ. ಟಿಪ್ಪಣಿಯನ್ನು ಬಳಸುತ್ತೇನೆ. ಆದರೆ ನಮ್ಮ ಸಭೆಗಳಲ್ಲಿ ಅರ್ಧ ವಾಕ್ಯ ಇಂಗ್ಲಿಷ್, ಕಾಲು ಕನ್ನಡ, ಉಳಿದದ್ದು ಹಿಂದಿ. "ನೋಡೋಣ ಬಿಡಿ" ಎಂದು ಸಾಹೇಬರು ಹೇಳಿದ್ದನ್ನು ಯಂತ್ರವು "ಪರಿಶೀಲಿಸಲು ಒಪ್ಪಿದರು" ಎಂದು ಬರೆದಿಟ್ಟಿತ್ತು. ನಮ್ಮಲ್ಲಿ ಯಾರಿಗಾದರೂ ಗೊತ್ತು, ಅದು ನಿರಾಕರಣೆ. ಆ ಟಿಪ್ಪಣಿ ಎದುರು ಪಕ್ಷಕ್ಕೆ ಹಾಗೆಯೇ ಹೋಗಿದ್ದರೆ ಮುಂದಿನ ವಾರ ಅವರು ಒಪ್ಪಂದದ ಕರಡನ್ನೇ ಹಿಡಿದು ಬರುತ್ತಿದ್ದರು. ಅಲ್ಲದೆ ಮಂಡಳಿಯ ಸಭೆಗೆ, ನೌಕರರನ್ನು ತೆಗೆಯುವ ಚರ್ಚೆಗೆ ಇಂತಹ ಉಪಕರಣವನ್ನು ಬಿಡಬೇಕೇ ಎನ್ನುವುದನ್ನು ಮೊದಲು ಕಾನೂನು ವಿಭಾಗದವರನ್ನು ಕೇಳಬೇಕು, ಏಕೆಂದರೆ ಮಾತೆಲ್ಲ ಯಾರ ಸರ್ವರಿಗೆ ಹೋಗುತ್ತದೆಂಬುದು ಮುಖ್ಯ.

ತಂತ್ರಜ್ಞಾನದಿಂದ ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಎಂ.ಡಿ.ಯವರ ಫೋಟೊ ಇಟ್ಟುಕೊಂಡ ಹೊಸ ವಾಟ್ಸ್‌ಆ್ಯಪ್ ಸಂಖ್ಯೆಯಿಂದ "ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ಈ ಖಾತೆಗೆ ತಕ್ಷಣ ಹಣ ಕಳಿಸಲು ಅಕೌಂಟ್ಸ್‌ಗೆ ಹೇಳಿ" ಎಂಬ ಸಂದೇಶ ಬರುವುದು ನಿಮ್ಮಂಥ ಹುದ್ದೆಯವರಿಗೇ. ಗಡಿಬಿಡಿ ಹೆಚ್ಚಿದಷ್ಟೂ ಅನುಮಾನ ಹೆಚ್ಚಲಿ. ನಿಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಹಣದ ವಿಷಯದಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು. ಹಣ ಹೋಗಿಯೇ ಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು. ಬೇಗ ತಿಳಿಸಿದರೆ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮೊದಲ ದಿನವೇ ಎಂ.ಡಿ.ಯವರಿಂದಲೂ ಅಕೌಂಟ್ಸ್ ಮುಖ್ಯಸ್ಥರಿಂದಲೂ ಈ ಪದ್ಧತಿಗೆ ಒಪ್ಪಿಗೆ ಪಡೆದಿಡಿ, ಆಗ ಖಚಿತಪಡಿಸಿಕೊಳ್ಳಲು ಫೋನ್ ಮಾಡಿದ್ದಕ್ಕೆ ಯಾರೂ ಬೈಯುವುದಿಲ್ಲ.

ಬೆಣ್ಣೆನಗರಿ:

ಎಚ್.ಆರ್. ಅವರು ಹೇಳಿದಂತೆ ಗ್ರೇಡ್, ಕ್ಯಾಬ್, ಮತ್ತು ಮುಂದೆ ಖರೀದಿ ವಿಭಾಗಕ್ಕೆ ಹೋಗುವ ಅವಕಾಶ ಇವುಗಳನ್ನು ಪತ್ರದಲ್ಲಿ ಸೇರಿಸುವಂತೆ ಕೇಳಿದ್ದೇನೆ. ಮೊದಲಿನ ಎರಡನ್ನು ಒಪ್ಪಿದ್ದಾರೆ, ಮೂರನೆಯದಕ್ಕೆ "ಎರಡು ವರ್ಷದ ನಂತರ ಪರಿಶೀಲಿಸಲಾಗುವುದು" ಎಂದು ಬರೆದುಕೊಡುತ್ತಾರಂತೆ. ಸೇರುವುದೆಂದು ನಿಶ್ಚಯಿಸಿದ್ದೇನೆ, ಅಪ್ಪ ಇನ್ನೂ ಮಾತನಾಡಿಲ್ಲ. ಹಳೆಯ ಮೇಡಂ ಹೋಗುವ ಮೊದಲು ಅವರಿಂದ ಏನೇನು ಕೇಳಿ ತಿಳಿದುಕೊಳ್ಳಬೇಕು?

ಎಚ್.ಆರ್. ಕಡೆಯಿಂದ:

"ಪರಿಶೀಲಿಸಲಾಗುವುದು" ಎಂಬುದರ ಅರ್ಥವನ್ನು ಔಟರ್ ರಿಂಗ್ ರೋಡ್ ಅವರು ಈಗಷ್ಟೇ ವಿವರಿಸಿದ್ದಾರೆ. ಆದರೂ ಬರೆಸಿಕೊಳ್ಳಿ, ಎರಡು ವರ್ಷದ ನಂತರ ಮಾತು ತೆಗೆಯಲು ಒಂದು ಕಾಗದವಾದರೂ ಇರುತ್ತದೆ.

ಹಳೆಯ ಪಿಟ್‌ಮನ್:

ಫೈಲು, ಪಾಸ್‌ವರ್ಡು, ಕೀಲಿಕೈಗಳ ಪಟ್ಟಿಯನ್ನು ಅವರೇ ಕೊಡುತ್ತಾರೆ, ಅದನ್ನು ಕೇಳಬೇಕಾಗಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿ. ಯಾರ ಫೋನ್ ಬಂದರೆ ಸಭೆಯ ಮಧ್ಯದಲ್ಲೂ ಚೀಟಿ ಕಳಿಸಬೇಕು, ಯಾರಿಗೆ ಎಷ್ಟೇ ಸಲ ಕರೆ ಮಾಡಿದರೂ ನಾಳೆ ಎನ್ನಬೇಕು. ಸಾಹೇಬರು ಕಾಗದವನ್ನು ಬೆಳಿಗ್ಗೆ ಓದುವವರೋ ಸಂಜೆಯೋ. ಕೆಟ್ಟ ಸುದ್ದಿಯನ್ನು ಊಟಕ್ಕೆ ಮೊದಲು ಹೇಳಬಹುದೋ ಆಮೇಲೆ ಹೇಳಬೇಕೋ. ಯಾವ ಇಬ್ಬರು ಮ್ಯಾನೇಜರುಗಳನ್ನು ಒಂದೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಕಳಿಸಬಾರದು. ಯಾವ ಗುಮಾಸ್ತರು ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಾರೆ, ಯಾರ ದಿನಾಂಕಕ್ಕೆ ನೀವೇ ಎರಡು ದಿನ ಸೇರಿಸಿಕೊಳ್ಳಬೇಕು. ಬೇರೆ ಕಂಪನಿಗಳ ಸಾಹೇಬರ ಅಸಿಸ್ಟೆಂಟರು ಯಾರು ಯಾರು ಎಂದು ಕೇಳಿ, ಹೆಸರು ಹೇಳಿ ಪರಿಚಯಿಸಿ ಒಂದೊಂದು ಫೋನ್ ಮಾಡಿಸಿಕೊಳ್ಳಿ, ಏಕೆಂದರೆ ಇಬ್ಬರು ಎಂ.ಡಿ.ಗಳ ಭೇಟಿಯನ್ನು ನಿಗದಿಪಡಿಸುವುದು ಆ ಎಂ.ಡಿ.ಗಳಲ್ಲ. ಡ್ರೈವರ್ ಅವರ ಜೊತೆಗೂ ಪ್ರತ್ಯೇಕವಾಗಿ ಮಾತನಾಡಿ. ತುಮಕೂರು ರಸ್ತೆಯ ಫ್ಲೈಓವರ್ ಯಾವ ಹೊತ್ತಿಗೆ ಕಟ್ಟಿಕೊಳ್ಳುತ್ತದೆಂಬುದು ಅವರಿಗೆ ಮ್ಯಾಪಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ತಂದೆಯವರ ಫೋನ್ ಬಂದರೆ ನನ್ನ ಬರಹವನ್ನು ಓದಿ ಹೇಳಿ. ಅವರಿಗೆ ಬೇರೇನಾದರೂ ಕೇಳುವುದಿದ್ದರೆ ಇಲ್ಲೇ ಬರೆಯಲಿ, ಉತ್ತರಿಸುತ್ತೇನೆ.